ದಫ್ತರಕ್ಕೆ ಗಾಳಿ ಬಂದ ದಿನ

ಆ ಊರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕಾಗದವಿತ್ತು. ಹುಟ್ಟಿದ ದಿನ ಬರೆಯಲು ಶುರುಮಾಡಿದ್ದು, ಬದುಕಿದ ಹಾಗೆ ಬೆಳೆದದ್ದು. ಯಾರ ಮಗ, ಯಾರ ಮಗಳು, ಯಾವ ಕಸುಬು, ಯಾವ ಹೊಲ, ಯಾರಿಗೆ ಏನು ಕೊಟ್ಟರು, ಯಾರಿಂದ ಏನು ಕಸಿದರು, ಎಲ್ಲವೂ ಅದರಲ್ಲಿತ್ತು. ಕಾಗದಗಳೆಲ್ಲ ದಫ್ತರದಲ್ಲಿದ್ದವು. ದಫ್ತರವೆಂದರೆ ಊರ ನಡುವೆ ಸರಕಾರ ಕಟ್ಟಿಸಿದ ಕಲ್ಲಿನ ಮನೆ. ಒಳಗೆ ಸೂರಿನವರೆಗೂ ಕಪಾಟುಗಳು, ಕಪಾಟುಗಳ ತುಂಬ ಕೆಂಪು ಬಟ್ಟೆಯ ಗಂಟುಗಳು, ಗಂಟುಗಳ ನಡುವೆ ಬೇವಿನ ಸೊಪ್ಪು. ಯಾರು ಬೇಕಾದರೂ ಹೋಗಿ ಯಾರ ಕಾಗದವನ್ನಾದರೂ ಓದಿಸಿ ಕೇಳಬಹುದಿತ್ತು. ಒಯ್ಯುವ ಹಾಗಿರಲಿಲ್ಲ. ಅಳಿಸುವ ಹಾಗಿರಲಿಲ್ಲ.

ಊರಿಗೆ ಒಂದೇ ಒಂದು ಕಟ್ಟಳೆ ಇತ್ತು. ಕಾಗದ ಯಾರ ಕೈಯಲ್ಲಿದೆಯೋ ಅವರೇ ಆ ಕಾಗದದವರು. ಈ ಕಟ್ಟಳೆ ಮಾಡಿದವರು ಯಾರು ಎಂದು ಜನರನ್ನು ಕೇಳಿದರೆ, ದಫ್ತರದಲ್ಲಿ ನೋಡಿ ಎನ್ನುತ್ತಿದ್ದರು. ದಫ್ತರದಲ್ಲಿ ನೋಡಿದರೆ, ಜನರನ್ನು ಕೇಳಿ ಎಂದು ಬರೆದಿತ್ತು.

ದಫ್ತರವನ್ನು ನೋಡಿಕೊಳ್ಳುತ್ತಿದ್ದವಳು ದಫ್ತರದವ್ವ. ಅವಳ ಸೀರೆಗೆ ಬೇವಿನ ವಾಸನೆ, ಬೆರಳಿಗೆ ಮಸಿಯ ಕಲೆ. ಅವಳು ಯಾರನ್ನೂ ಹೊಗಳುತ್ತಿರಲಿಲ್ಲ, ತೆಗಳುತ್ತಿರಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತಿದ್ದಳು, ಬರೆದದ್ದನ್ನು ಹುಳ ತಿನ್ನದ ಹಾಗೆ ಕಾಯುತ್ತಿದ್ದಳು.

ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಬಿಸಿಲ ದಿನ ಬರುತ್ತಿತ್ತು. ಅಂದು ಊರಿಗೆ ಊರೇ ದಫ್ತರದ ಅಂಗಳಕ್ಕೆ ಬರುತ್ತಿತ್ತು. ದಫ್ತರದವ್ವ ಒಬ್ಬೊಬ್ಬರನ್ನೇ ಕೂಗಿ ಅವರವರ ಕಾಗದವನ್ನು ಅವರವರ ಕೈಗೆ ಕೊಡುತ್ತಿದ್ದಳು. ಎಲ್ಲರೂ ಸಾಲಾಗಿ ಕೂತು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಸೂರ್ಯನಿಗೆ ತೋರಿಸುತ್ತಿದ್ದರು. ಮಧ್ಯಾಹ್ನ ನೆರಳು ಕಾಲಡಿಗೆ ಬಂದಾಗ ದಫ್ತರದವ್ವ ಮೆಟ್ಟಿಲ ಮೇಲೆ ನಿಂತು, "ಮಗ್ಗಲಾ ಬದಲಸ್ರೋ!" ಎಂದು ಕೂಗುತ್ತಿದ್ದಳು. ಆಗ ಇಡೀ ಊರು ಒಟ್ಟಿಗೆ ಕಾಗದ ತಿರುವುತ್ತಿತ್ತು. ಪಾರಿವಾಳದ ಹಿಂಡೊಂದು ಮೇಲೆದ್ದ ಹಾಗೆ ಸದ್ದಾಗುತ್ತಿತ್ತು. ಸಂಜೆ ಕಾಗದಗಳು ಮತ್ತೆ ಗಂಟು ಸೇರುತ್ತಿದ್ದವು.

ಒಬ್ಬನಿಗೆ ಮಾತ್ರ ಆ ಅಂಗಳಕ್ಕೆ ಬರುವ ಹಾಗಿರಲಿಲ್ಲ. ಅವನು ಕಳ್ಳ. ಬಿಸಿಲ ದಿನ ಊರ ಮನೆಗಳೆಲ್ಲ ಬಾಗಿಲು ತೆರೆದುಕೊಂಡು ಬಿದ್ದಿರುತ್ತಿದ್ದವು. ಆದ್ದರಿಂದ ಅಂದು ಕಳ್ಳನೆಂದು ಕಾಗದವಿದ್ದವನನ್ನು ಚಾವಡಿಯ ಕಬ್ಬಿಣದ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಅವನು ಕದಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಗ್ಗ ಹೊಸೆದು ಮಾರುತ್ತಿದ್ದ. ಆದರೆ ಅವನಿಗೆ ಹೆಣ್ಣು ಕೊಡಲು ಬಂದವರು ಮೊದಲು ದಫ್ತರಕ್ಕೆ ಹೋಗುತ್ತಿದ್ದರು, ಅಲ್ಲಿಂದ ನೇರ ತಮ್ಮೂರಿಗೆ ಹೋಗುತ್ತಿದ್ದರು. ವರ್ಷ ವರ್ಷವೂ ಅವನು ಕಂಬಿಯ ಸಂದಿಯಿಂದ ಕೈ ಹೊರಗೆ ಚಾಚಿ, ಅಂಗೈಯಗಲದ ಬಿಸಿಲಿಗೆ ತನ್ನ ಕಾಗದವನ್ನು ಹಿಡಿದು ಕೂರುತ್ತಿದ್ದ. ಕಿಟಕಿಯಿಂದ ಅವನಿಗೆ ಊರಿನ ಸಂಭ್ರಮ ಕಾಣುತ್ತಿತ್ತು, ಕೇಳುತ್ತಿತ್ತು.

ಆ ವರ್ಷದ ಬಿಸಿಲ ದಿನ ನೆರಳು ಕಾಲಡಿಗೆ ಬಂತು. ದಫ್ತರದವ್ವ ಮೆಟ್ಟಿಲ ಮೇಲೆ ನಿಂತಳು. "ಮಗ್ಗಲಾ ಬದಲಸ್ರೋ!" ಎಂದಳು. ಇಡೀ ಊರು ಒಟ್ಟಿಗೆ ಕೈ ಎತ್ತಿತು. ಸರಿಯಾಗಿ ಆ ಗಳಿಗೆಗೆ ಗಾಳಿ ಬಂತು.

ಅಂಥ ಗಾಳಿಯನ್ನು ಊರು ಕಂಡಿರಲಿಲ್ಲ. ಅದು ಬೀಸಲಿಲ್ಲ, ಕುಣಿಯಿತು. ನೆಲದಿಂದ ಎದ್ದು ಅಂಗಳವನ್ನು ಒಂದು ಸುತ್ತು ಸುತ್ತಿ, ಎಲ್ಲರ ಕೈಗಳಿಗೆ ಕಚಗುಳಿ ಇಟ್ಟಿತು. ಕಾಗದ ಹಾರಿತು. ಕಾಗದದ ಹಿಂದೆ ಮನುಷ್ಯ ಹಾರಿದ. ಆಕಾಶದಲ್ಲಿ ಊರಿನ ಜನ್ಮಗಳು, ಮದುವೆಗಳು, ಹೊಲಗಳು, ಜಗಳಗಳು ಗಿರಗಿರನೆ ತಿರುಗಿದವು. ಕೆಳಗೆ ಊರಿನ ಜನ ಮುಖ ಮೇಲೆತ್ತಿ, ಕೈ ಚಾಚಿ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಗಿರಗಿರನೆ ತಿರುಗಿದರು. ತಲೆ ತಿರುಗಿ ಬಿದ್ದವರು ಬಿದ್ದಲ್ಲೇ ನಕ್ಕರು. ನಗು ಅಂಟಿಕೊಂಡು ಹೋಯಿತು.

"ಸಿಕ್ಕದ್ದು ಹಿಡೀರಿ! ಹಿಡಿದದ್ದು ಬಿಡಬ್ಯಾಡ್ರಿ! ಜಗ್ಗಾಡಬ್ಯಾಡ್ರಿ!" ದಫ್ತರದವ್ವ ಕೂಗುತ್ತಿದ್ದಳು.

ಜಗ್ಗಾಡಬಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಕಾಗದ ಕೈ ಬದಲಿಸಿದರೆ ಊರು ನಿನ್ನನ್ನು ಕರೆಯುವ ಹೆಸರು, ಕೂರಿಸುವ ಜಾಗ, ಹೇಳುವ ಕೆಲಸ ಬದಲಾಗುತ್ತಿತ್ತು, ಅಷ್ಟೆ. ನಿನ್ನ ಬುದ್ಧಿ ನಿನ್ನ ತಲೆಯಲ್ಲೇ ಇರುತ್ತಿತ್ತು. ಆದರೆ ಕಾಗದ ಹರಿದರೆ ಹಾಗಲ್ಲ. ಹಿಂದೊಮ್ಮೆ ಇಬ್ಬರು ಜಗ್ಗಾಡಿ ಒಬ್ಬ ನೇಕಾರನ ಕಾಗದ ಎರಡಾಗಿ, ಒಂದು ತುಂಡು ಬಾವಿಗೆ ಬಿದ್ದಿತ್ತು. ಅವನು ಬಹಳ ವರ್ಷ ಮನೆಮನೆಯ ಮುಂದೆ ನಿಂತು, "ಇದು ನಮ್ಮ ಮನಿ ಏನ್ರಿ?" ಎಂದು ಕೇಳುತ್ತ ತಿರುಗಿದ್ದ. ಎಲ್ಲರೂ ಊಟ ಹಾಕುತ್ತಿದ್ದರು. ಹೌದು ಎನ್ನುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ.

ಆದ್ದರಿಂದ ಯಾರೂ ಜಗ್ಗಾಡಲಿಲ್ಲ. ಕೈಗೆ ಬಂದ ಕಾಗದ ಸಂಜೆ ದಫ್ತರದವ್ವ ತೆಗೆದುಕೊಳ್ಳುವವರೆಗೆ ಆ ಕೈಯದೇ, ಒಪ್ಪಿ ಅದಲುಬದಲು ಮಾಡಿಕೊಳ್ಳುವ ಹಾಗೂ ಇರಲಿಲ್ಲ.

ಗಾಳಿ ನಿಂತಿತು. ಜನ ತಮ್ಮ ತಮ್ಮ ಕೈಯಲ್ಲಿದ್ದುದನ್ನು ಓದಿದರು, ಓದು ಬಾರದವರು ಓದಿಸಿದರು. ಆಮೇಲೆ ಊರಿಗೆ ಹುಚ್ಚು ಹಿಡಿಯಿತು.

ಮದುವೆಯಾಗದ ಮುದುಕನೊಬ್ಬನ ಕೈಗೆ ಏಳು ಮಕ್ಕಳ ತಾಯಿಯ ಕಾಗದ ಬಂದಿತ್ತು. ಏಳೂ ಮಕ್ಕಳು, "ಅವ್ವಾ, ಹಸಿವು!" ಎಂದು ಅವನ ಧೋತರ ಹಿಡಿದು ಜಗ್ಗಿದವು. ಒಂದು ಮನೆಯ ಅತ್ತೆ ಸೊಸೆಯ ಕಾಗದಗಳು ಅದಲುಬದಲಾಗಿ, ಸೊಸೆ ಕಟ್ಟೆಯ ಮೇಲೆ ಕೂತು, "ಚಾಕ್ಕ ಸಕ್ರಿ ಕಡಿಮಿ ಆಗೇತಿ" ಎಂದಳು. ಅತ್ತೆ ನಕ್ಕು ನಕ್ಕು ಸಕ್ಕರೆ ಚೆಲ್ಲಿದಳು. ಹಲ್ಲಿಲ್ಲದ ಒಬ್ಬ ಮುದುಕಿಗೆ ಪೊಲೀಸನ ಕಾಗದ ಸಿಕ್ಕಿತ್ತು. ಅವಳು ಊರುಗೋಲನ್ನು ಹೆಗಲಿಗೇರಿಸಿ, ಬೆನ್ನು ನೆಟ್ಟಗೆ ಮಾಡಿ, ಊರ ತುಂಬ ತಿರುಗಲು ಹೊರಟಳು. ಒಬ್ಬನಿಗೆ ಮಾತ್ರ ತನ್ನದೇ ಕಾಗದ ಮರಳಿ ಸಿಕ್ಕಿತ್ತು. ಅವನು ಸಪ್ಪೆ ಮುಖ ಮಾಡಿಕೊಂಡು ಒಂದು ಕಂಬಕ್ಕೆ ಒರಗಿ ನಿಂತಿದ್ದ.

ಕಳ್ಳನ ಕಾಗದವೂ ಕಂಬಿಯ ಸಂದಿಯಿಂದ ಹಾರಿಹೋಗಿತ್ತು. ಅವನು ಚಾಚಿದ ಕೈಯನ್ನು ಒಳಗೆಳೆದುಕೊಳ್ಳುವ ಮೊದಲೇ ಇನ್ನೊಂದು ಕಾಗದ ಬಂದು ಅಂಗೈಗೆ ಬಡಿಯಿತು. ಅದು ಮಾಮಲೇದಾರನದು. ಊರಿನ ಕಂದಾಯ, ನ್ಯಾಯ, ಬೀಗದ ಕೈ ಎಲ್ಲ ಅವನ ಅಧಿಕಾರದಲ್ಲಿದ್ದವು. ಮುದುಕಿ ಬಂದು ನೋಡಿ ಸೆಲ್ಯೂಟ್ ಹೊಡೆದಳು.

"ಸಾಹೇಬ್ರ, ನೀವು ಇಲ್ಲ್ಯಾಕ ಕುಂತೀರಿ? ಹೊರಗ ಬರ್ರಿ" ಎಂದು ಕೋಣೆಯ ಬೀಗ ತೆಗೆದಳು.

ಕಳ್ಳನ ಕಾಗದ ಹೋಗಿ ಸೂಲಗಿತ್ತಿಯ ಎದೆಗೆ ಅಂಟಿಕೊಂಡಿತ್ತು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಆದರೂ ಕಟ್ಟಳೆ ಕಟ್ಟಳೆಯೇ. ಮುದುಕಿ ಅವಳ ರಟ್ಟೆ ಹಿಡಿದು, "ನಡಿಯಲೇ ಕಳ್ಳಿ" ಎಂದಳು. ಸೂಲಗಿತ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಕೋಣೆಯೊಳಗೆ ಹೋಗಿ ಕೂತಳು. ಸೂಲಗಿತ್ತಿಯ ಕಾಗದ ಎಲ್ಲಿ ಎಂದು ಹುಡುಕಿದರೆ, ಅದು ಮಾಮಲೇದಾರನ ಮುಖಕ್ಕೆ ಅಂಟಿ, ಎರಡೂ ಮೀಸೆಯ ಮೇಲೆ ಸರಿಯಾಗಿ ಕೂತಿತ್ತು.

ಊರು ಹೀಗೆ ನಗುತ್ತಿರುವಾಗ ಕುಂಬಾರ ಓಡಿ ಬಂದ. ಅವನ ಹೆಂಡತಿಗೆ ದಿನ ತುಂಬಿತ್ತು. ಬಸುರಿಯರು ತಮ್ಮ ಮನೆಯ ಮುಂದೆಯೇ ಕೂತು ಕಾಗದಕ್ಕೆ ಬಿಸಿಲು ತೋರಿಸಬಹುದಿತ್ತು. ಗಾಳಿ ಬಂದಾಗ ಅವಳಿಗೆ ನೋವೂ ಬಂದು ಮುಷ್ಟಿ ಬಿಗಿದಿದ್ದರಿಂದ ಅವಳ ಕಾಗದ ಅವಳಲ್ಲೇ ಉಳಿದಿತ್ತು.

"ಬ್ಯಾನಿ ಸುರು ಆಗ್ಯಾವ! ಸೂಲಗಿತ್ತಿ ಎಲ್ಲಿ?" ಎಂದ ಕುಂಬಾರ.

ಇಡೀ ಅಂಗಳ ತಿರುಗಿ ಮಾಮಲೇದಾರನನ್ನು ನೋಡಿತು.

"ನಾನs?" ಎಂದ ಮಾಮಲೇದಾರ.

"ಕಾಗದ ನಿಮ್ಮ ಕೈಯಾಗ ಐತ್ರಿ" ಎಂದರು ಜನ.

ಮಾಮಲೇದಾರ ಕಾಗದ ನೋಡಿದ, ಕೈ ನೋಡಿದ, ಕುಂಬಾರನನ್ನು ನೋಡಿದ. ಆಮೇಲೆ ಚಾವಡಿಗೆ ಓಡಿ, ಕಬ್ಬಿಣದ ಕೋಣೆಯ ಕಂಬಿ ಹಿಡಿದು ನಿಂತ. "ಯವ್ವಾ, ಏನ್ ಮಾಡ್ಲಿ? ಹೇಳs."

"ಮೊದಲ ಕೈ ತೊಳಕೋರಿ" ಎಂದಳು ಸೂಲಗಿತ್ತಿ. "ಮೊಣಕೈತನಕ. ಮೀಸಿನೂ ತೊಳಕೊಂಡಬಿಡ್ರಿ. ನೀರು ಕಾಸಾಕ ಹೇಳ್ರಿ. ಮತ್ತ ನೀವು ಚೀರಬ್ಯಾಡ್ರಿ, ಚೀರೂದು ಆಕಿ ಕೆಲಸ." ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ನಗುತ್ತ, ಯಾರ ಹೆಂಡತಿ ಎಂದು ಕೇಳಿದಳು. ಕುಂಬಾರನ ಹೆಂಡತಿ ಎಂದಾಗ ಅವಳ ನಗು ನಿಂತಿತು.

"ಆ ಕೂಸು ಕಾಲು ಮುಂದ ಮಾಡಿ ಕುಂತೈತಿ" ಎಂದಳು. "ಹೋದ ವಾರ ಹೊಟ್ಟಿ ಮುಟ್ಟಿ ನೋಡೀನಿ. ಇದನ್ನ ಬಾಯಿಲೆ ಹೇಳಿ ಮಾಡಸಾಕ ಆಗೂದಿಲ್ರಿ. ನಾ ಹೋಗಬೇಕು. ನನ್ನ ಬಿಡ್ರಿ."

"ಬಿಸಿಲ ದಿನ ಕಳ್ಳರನ್ನ ಹೊರಗ ಬಿಡೂ ಹಾಂಗಿಲ್ಲ" ಎಂದಳು ಮುದುಕಿ. ಹೇಳಿದ ಮೇಲೆ ಅವಳಿಗೇ ತನ್ನ ಮಾತು ಹಿಡಿಸಲಿಲ್ಲ. ಊರುಗೋಲನ್ನು ಹೆಗಲಿನಿಂದ ಇಳಿಸಿದಳು.

ಮಾಮಲೇದಾರನನ್ನು ಕುಂಬಾರ ಎಳೆದುಕೊಂಡು ಹೋದ. ಉಳಿದವರೆಲ್ಲ ಕಳ್ಳನ ಕಡೆ ತಿರುಗಿದರು. ಅವನು ಚಾವಡಿಯ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಕೈಯಲ್ಲಿ ಮಾಮಲೇದಾರನ ಕಾಗದವಿತ್ತು.

"ಸಾಹೇಬ್ರ, ಏನರ ಹುಕುಂ ಮಾಡ್ರಿ" ಎಂದರು ಜನ. ನಿನ್ನೆಯವರೆಗೂ ಅವನು ಅಂಗಡಿಗೆ ಬಂದರೆ ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಡುತ್ತಿದ್ದವರು ಈಗ ಅವನ ಮುಂದೆ ಕೈ ಕಟ್ಟಿ ನಿಂತಿದ್ದರು.

ಕಳ್ಳನಿಗೂ ಗಾಳಿ ತಲೆಗೇರಿತ್ತು. ಅವನು ಎದ್ದು ನಿಂತ. "ಆ ಕಾಗದ ಸುಡ್ರಿ" ಎಂದ. "ಕಾಗದ ಇಲ್ಲದಿದ್ರ ಕಳ್ಳ ಇಲ್ಲ. ಕಳ್ಳನs ಇಲ್ಲದಿದ್ರ ಯಾರನ್ನ ಕೂಡಿಹಾಕ್ತೀರಿ? ಬೆಂಕಿ ತರ್ರಿ."

ಎಲ್ಲರಿಗೂ ಇದು ಸರಿ ಕಂಡಿತು. ಚಪ್ಪಾಳೆ ಬಿತ್ತು. ಯಾರೋ ಒಲೆಯಿಂದ ಕೊಳ್ಳಿ ತಂದರು. ಸೂಲಗಿತ್ತಿ ಕಂಬಿಯಿಂದ ಕಾಗದ ಚಾಚಿ, "ಸುಡ್ರಿ, ಲಗೂನ ಸುಡ್ರಿ" ಎಂದಳು. ಕೊಳ್ಳಿ ಹತ್ತಿರ ಬಂತು. ಕಾಗದದ ಅಂಚು ಕಾವಿಗೆ ಸುರುಳಿಯಾಗತೊಡಗಿತು.

ಆಗ ದಫ್ತರದವ್ವ ಜನರನ್ನು ಸರಿಸುತ್ತ ಬಂದು, ಕೊಳ್ಳಿಗೂ ಕಾಗದಕ್ಕೂ ನಡುವೆ ನಿಂತಳು. ಅವಳ ಸೆರಗಿಗೆ ಕಿಡಿ ತಾಗಿ ತೂತಾಯಿತು. ಅವಳು ಅದನ್ನು ನೋಡಲೂ ಇಲ್ಲ.

"ನೇಕಾರನ್ನ ಮರತ್ರೇನು? ಇದನ್ನ ಸುಟ್ರ ಇದನ್ನ ಹಿಡಿದಾಕಿ ಯಾರೂ ಅಲ್ಲದಾಕಿ ಆಗ್ತಾಳ" ಎಂದಳು. "ತನ್ನ ಮನಿ ಯಾವುದು ಅಂತ ಆಕಿಗೆ ತಿಳೀಲಿಕ್ಕಿಲ್ಲ. ಕೂಸಿನ ತಲಿ ಯಾವುದು, ಕಾಲು ಯಾವುದು ಅನ್ನೂದೂ ತಿಳೀಲಿಕ್ಕಿಲ್ಲ. ಅಂಥಾ ಕೈಯಾಗ ಕುಂಬಾರನ ಹೇಣ್ತಿನ್ನ ಕೊಡ್ತೀರೇನು?"

ಕೊಳ್ಳಿ ಹಿಡಿದವನು ಹಿಂದೆ ಸರಿದ. ದಫ್ತರದವ್ವ ಕಳ್ಳನ ಕಡೆ ನೋಡಿದಳು.

"ಸಂಜಿಕ ಎಲ್ಲಾರ ಹೆಸರೂ ಕರೀತೀನಿ. ಇದು ಸುಟ್ಟುಹೋದ್ರ ನಿನ್ನ ಏನಂತ ಕರೀಲೋ ತಮ್ಮಾ?"

"ಕರೀಬ್ಯಾಡ" ಎಂದ ಕಳ್ಳ. "ಯಾರೂ ಕರೀದಿದ್ರs ನನಗ ಸುಖ. ನಾ ಬಿಟ್ಟ ಮ್ಯಾಲೂ ಅದು ನನ್ನ ಬಿಡಲಿಲ್ಲ. ನೀ ಬೇವಿನ ಸೊಪ್ಪು ಹಾಕಿ ಹಾಕಿ ಕಾಯ್ದಿ. ಒಂದು ಹುಳಾನೂ ತಿನ್ನಗೊಡಲಿಲ್ಲ. ಯಾಕ ಕಾಯ್ದಿ?"

"ಎಲ್ಲಾರದೂ ಕಾಯ್ದೀನಿ. ಯಾರದು ಕಾಯಬೇಕು, ಯಾರದು ಬಿಡಬೇಕು ಅಂತ ನಾ ಆರಿಸಾಕ ಹತ್ತಿದ್ರ ನಾಳಿ ನನ್ನ ಮಾತಿಗೆ ಏನು ಕಿಮ್ಮತ್ತು?" ಎಂದಳು ದಫ್ತರದವ್ವ. ಆಮೇಲೆ ಸೂಲಗಿತ್ತಿಯ ಕೈಯಲ್ಲಿದ್ದ ಕಾಗದವನ್ನು, ಅವಳ ಕೈ ಬಿಡಿಸದೆಯೇ, ಅಗಲಿಸಿ ಹಿಡಿದು ತೋರಿಸಿದಳು. "ಇಲ್ಲಿ ನೋಡು. ಮ್ಯಾಲ ನಾಕು ಸಾಲು. ಕೆಳಗ ಇಷ್ಟಗಲ ಜಾಗಾ ಖಾಲಿ ಬಿದ್ದೈತಿ. ಅಳಸಾಕ ಯಾರಿಗೂ ಅಧಿಕಾರ ಇಲ್ಲ. ಹುಕುಂ ಸೇರಸಾಕ ಮಾಮಲೇದಾರಗ ಐತಿ. ಬಂದ ಮಾಮಲೇದಾರ್ರೆಲ್ಲಾ ಮ್ಯಾಲಿಂದು ಓದಿ ಗಂಟು ಕಟ್ಟಿಸಿದ್ರು. ಈಗ ನೀನ ಮಾಮಲೇದಾರ. ಹೇಳು. ನೀ ಹೇಳಿದ್ದು ಬರೀತೀನಿ."

ಅವಳು ದೌತಿಯ ಮಸಿಗೆ ಲೇಖಣಿ ಅದ್ದಿ ನಿಂತಳು.

ಕಳ್ಳ ಬಾಯಿ ತೆರೆದ. ಇವನು ಎಂದೂ ಕದ್ದವನಲ್ಲ ಎಂದು ಅವನು ಹೇಳಿದ್ದರೆ ಅವಳು ಬರೆಯಲೇಬೇಕಿತ್ತು. ಇವನಿಗೆ ಹತ್ತು ಎಕರೆ ಹೊಲ, ಒಂದು ಜೋಡಿ ಎತ್ತು ಎಂದಿದ್ದರೂ ಬರೆಯಬೇಕಿತ್ತು. ಸುತ್ತ ನಿಂತ ಊರಿಗೂ ಅದು ಹೊಳೆಯಿತು. ಕೆಲವರು ನೆಲ ನೋಡಿದರು. ಲೇಖಣಿಯಿಂದ ಮಸಿ ತೊಟ್ಟಿಕ್ಕಿತು. ಅಷ್ಟರಲ್ಲಿ ಕುಂಬಾರನ ಮನೆಯ ಕಡೆಯಿಂದ ಹೆಣ್ಣಿನ ಕೂಗು ಬಂತು. ಅದರ ಹಿಂದೆಯೇ ಮಾಮಲೇದಾರನ ಕೂಗೂ ಬಂತು.

ಕಳ್ಳ ಬಡಬಡನೆ ಹೇಳಿದ. "ಬರಿ. ಈ ಕಾಗದ ಯಾರದೋ ಅವರು ಇನ್ನ ಮ್ಯಾಲ ಬಿಸಿಲ ದಿನ ಹೊರಗ ಕೂಡಬೇಕು. ಎಲ್ಲಾರ ಜೋಡಿ. ಸಾಲಿನಾಗ. ಮುಗೀತು, ಬೀಗಾ ತಗೀರಿ!"

ದಫ್ತರದವ್ವ ಬರೆದಳು. ಮಸಿ ಆರುವ ಮೊದಲೇ ಮುದುಕಿ ಬೀಗ ತೆಗೆದಳು. ಸೂಲಗಿತ್ತಿ ಸೆರಗು ಸಿಕ್ಕಿಸಿಕೊಂಡು ಓಡಿದಳು. ಅವಳ ಹಿಂದೆ ಮುದುಕಿ ಓಡಿದಳು, ಮುದುಕಿಯ ಹಿಂದೆ ಕಳ್ಳ ಓಡಿದ, ಕಳ್ಳನ ಹಿಂದೆ ಇಡೀ ಊರು ಓಡಿತು. ಹೀಗೆ ಕಳ್ಳನ ಹಿಂದೆ ಊರು ಓಡಿದ್ದು ಮೊದಲೂ ಇತ್ತು, ಆದರೆ ಅವನು ತಿರುಗಿ ನೋಡಿ ನಕ್ಕದ್ದು ಇದೇ ಮೊದಲು.

ಕುಂಬಾರನ ಮನೆಯಲ್ಲಿ ಮಾಮಲೇದಾರ ಮತ್ತೆ ಮತ್ತೆ ಕೈ ತೊಳೆದು ಬೆರಳೆಲ್ಲ ಸುಕ್ಕುಗಟ್ಟಿದ್ದವು. ಅವನು ಬಾಣಂತಿ ಕೋಣೆಯ ಮೂಲೆಯಲ್ಲಿ ಬೆವೆತು ಕೂತಿದ್ದ. ಕುಂಬಾರನ ಹೆಂಡತಿಯೇ ಹಲ್ಲು ಕಚ್ಚಿಕೊಂಡು, "ಅಂಜಬ್ಯಾಡ್ರಿ ಸಾಹೇಬ್ರ, ಏನೂ ಆಗೂದಿಲ್ಲ" ಎಂದು ಅವನಿಗೆ ಧೈರ್ಯ ಹೇಳುತ್ತಿದ್ದಳು.

ಹೆರುವವಳನ್ನು ಸೂಲಗಿತ್ತಿಯ ಕಾಗದವಿದ್ದವರೇ ಮುಟ್ಟಬೇಕು. ಸೂಲಗಿತ್ತಿ ಒಂದು ಗಳಿಗೆ ಯೋಚಿಸಿ, "ನಿಮ್ಮ ಕೈ ಕೊಡ್ರಿ" ಎಂದಳು. ಮಾಮಲೇದಾರನ ಕೈಗಳ ಮೇಲೆ ತನ್ನ ಕೈಗಳನ್ನು ಇಟ್ಟಳು. ಅವಳ ಬೆರಳು ನಡೆದಲ್ಲಿ ಅವನ ಬೆರಳು ನಡೆಯಿತು. ಅವಳು ತಡೆದಾಗ ತಡೆಯಿತು, ಅವಳು ತಿರುಗಿಸಿದಾಗ ತಿರುಗಿತು. ಹೊರಗೆ ಊರು ಬಾಗಿಲಿಗೆ ಕಿವಿಗೊಟ್ಟು ನಿಂತಿತ್ತು. ಮೊದಲು ಒಂದು ಪಾದ ಬಂತು. ಆಮೇಲೆ ಇನ್ನೊಂದು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ.

ಆಮೇಲೆ ಕೂಸು ಅತ್ತಿತು.

"ಹೆಣ್ಣು! ಹೆಣ್ಣು! ನಾ ಹುಟ್ಟಿಸೀನಿ!" ಎಂದು ಮಾಮಲೇದಾರ ಹೊರಗೆ ಓಡಿ ಬಂದು, ಒದ್ದೆ ಕೈಗಳನ್ನು ಮೇಲೆತ್ತಿ ಬೀದಿಯಲ್ಲಿ ಕುಣಿದ. ಮೀಸೆಯಿಂದ ನೀರು ಇಳಿಯುತ್ತಿತ್ತು. ಕಣ್ಣಿನದೋ, ತೊಳೆದದ್ದೋ, ಯಾರೂ ಕೇಳಲಿಲ್ಲ. ಹಲಗೆಯವನ ಕಾಗದ ಸಿಕ್ಕಿದ್ದ ಶಾಲೆಯ ಮಾಸ್ತರ ಬಡಿಯಲು ಬಾರದೆಯೂ ಹಲಗೆ ಬಡಿದ. ತಾಳ ತಪ್ಪಿತು, ಕುಣಿತ ತಪ್ಪಲಿಲ್ಲ.

ಹೊತ್ತು ಇಳಿಯಿತು. ದಫ್ತರದವ್ವ ಮೆಟ್ಟಿಲ ಮೇಲೆ ನಿಂತು ಒಂದೊಂದೇ ಕಾಗದ ತೆಗೆದುಕೊಂಡಳು. ಮದುವೆಯಾಗದ ಮುದುಕನ ಸರದಿ ಬಂದಾಗ ಅವನ ಭುಜದ ಮೇಲೆ ಒಂದು ಮಗು ನಿದ್ದೆ ಹೋಗಿತ್ತು. ಅವನು ಕಾಗದ ಕೊಡಲು ಕೈ ಮುಂದೆ ಮಾಡಿದ, ಹಿಂದೆ ತೆಗೆದುಕೊಂಡ, ಮತ್ತೆ ಮುಂದೆ ಮಾಡಿದ. ನಿಜವಾದ ತಾಯಿ ಪಕ್ಕದಲ್ಲಿ ನಿಂತು, "ನಾಳಿನೂ ಬಾರೋ ಮಾಮಾ, ಕಾಗದ ಇಲ್ಲದs ಬಾ. ನನಗೂ ಒಂದು ತಾಸು ನಿದ್ದಿ ಆಗ್ತೈತಿ" ಎಂದಳು. ದಫ್ತರದವ್ವ ಅವನ ಕಾಗದದ ಕೆಳಗೆ, ಒಂದು ಮಧ್ಯಾಹ್ನ ಏಳು ಮಕ್ಕಳಿಗೆ ತಾಯಿಯಾಗಿದ್ದ ಎಂದು ಬರೆದುಕೊಂಡಳು.

ಆಮೇಲೆ ಒಬ್ಬ ಹಿರಿಯ ಮುಂದೆ ಬಂದು, ಕಳ್ಳ ಬರೆಸಿದ ಸಾಲಿನ ಮಾತು ಎತ್ತಿದ. "ಅಂವಾ ಖರೇ ಮಾಮಲೇದಾರ ಅಲ್ಲ. ಅಂವಾ ಬರಸಿದ್ದು ಹೆಂಗ ನಡೀತೈತಿ?"

ಎಲ್ಲರೂ ಮಾಮಲೇದಾರನ ಕಡೆ ನೋಡಿದರು. ಅವನ ಕಾಗದ ಅವನಿಗೆ ಮರಳಿತ್ತು. ಅವನು ತನ್ನ ಸುಕ್ಕುಗಟ್ಟಿದ ಬೆರಳುಗಳನ್ನೇ ನೋಡುತ್ತಿದ್ದ.

"ಅಂವಾ ಖರೇ ಅಲ್ಲಂದ್ರ ನಾನೂ ಇವತ್ತ ಖರೇ ಸೂಲಗಿತ್ತಿ ಅಲ್ಲ" ಎಂದ. "ಹಂಗಾದ್ರ ಆ ಕೂಸು ಹುಟ್ಟೇ ಇಲ್ಲಂತ ಬರಸ್ತೀರೇನು?"

ಹಿರಿಯ ತನ್ನ ಜಾಗಕ್ಕೆ ಮರಳಿದ. ದಫ್ತರದವ್ವ ಹೊಸದೊಂದು ಕಾಗದ ತೆಗೆದು ಕೂಸಿನ ಹೆಸರು ಕೇಳಿದಳು. ಗಾಳಿ ಬಂದ ದಿನ ಹುಟ್ಟಿದ್ದರಿಂದ ಗಾಳೆವ್ವ ಎಂದ ಕುಂಬಾರ. ಆಮೇಲೆ ಅವಳು ಯಾರನ್ನೂ ಕೇಳದೆ ಬರೆದಳು. ಕಾಲು ಮುಂದೆ ಮಾಡಿ ಬಂದವಳು. ಹಿಡಿದ ಕೈ ನಾಲ್ಕು, ಮಾಮಲೇದಾರನವು ಎರಡು, ಸೂಲಗಿತ್ತಿಯವು ಎರಡು. ಆ ಹೊತ್ತು ಯಾರು ಯಾರಾಗಿದ್ದರೆಂಬುದನ್ನೂ ಬರೆದಳು. ಓದಿ ಹೇಳಿದಾಗ ಊರು ಮತ್ತೊಮ್ಮೆ ನಕ್ಕು, ಮನೆಗೆ ಹೋಯಿತು.

ಮರುದಿನ ಬೆಳಿಗ್ಗೆ ದಫ್ತರದವ್ವ ಬಾಗಿಲು ತೆರೆದಾಗ ಹೊರಗೆ ಕಳ್ಳ ಕೂತಿದ್ದ.

"ನನ್ನದು ಒಂದು ಸಲ ಓದಿ ಹೇಳಬೇ" ಎಂದ. "ಪೂರಾ. ಇಷ್ಟು ವರ್ಷ ಕೈಯಾಗ ಹಿಡದೀನಿ, ಒಳಗ ಏನೈತಿ ಕೇಳಿಲ್ಲ. ಕೇಳಾಕ ಮನಸ್ಸಾಗಿದ್ದಿಲ್ಲ."

ಅವಳು ಗಂಟು ಬಿಚ್ಚಿ ಓದಿದಳು. ತಂದೆಯ ಹೆಸರು ಓದಿದಳು, ತಾಯಿಯ ಹೆಸರು ಓದಿದಳು. ಅವನು ತಲೆ ಬಗ್ಗಿಸಿ ಕೇಳಿದ. ಆಮೇಲೆ ಅವಳು, "ಗೌಡರ ಹಿತ್ತಲಿಂದ ಒಂದು ಕೋಳಿ ಕದ್ದು ಸಿಕ್ಕಿಬಿದ್ದದ್ದು" ಎಂದು ಓದಿದಳು.

"ಕೋಳಿ?" ಕಳ್ಳ ಥಟ್ಟನೆ ತಲೆ ಎತ್ತಿದ. "ಕೋಳಿ ಅಂತ ಯಾರು ಬರಸ್ಯಾರ? ಹುಂಜ ಅದು! ಕೋಳಿ ಆಗಿದ್ರ ನಾ ಸಿಗತಿದ್ದಿಲ್ಲ. ಗೌಡರ ಬಾಗಿಲಾ ದಾಟಾಕ ಇನ್ನ ಒಂದು ಹೆಜ್ಜಿ ಇತ್ತು. ಬಗಲಾಗಿಂದ ಕೂಗಿಬಿಡ್ತು."

ದಫ್ತರದವ್ವ ಯಾರ ಕಾಗದ ಓದುವಾಗಲೂ ನಕ್ಕವಳಲ್ಲ. ಅಂದು ನಕ್ಕಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಲೇಖಣಿಯನ್ನು ಮಸಿಗೆ ಅದ್ದಿ, "ಇದು ನೀ ಸ್ವತಃ ಹೇಳಿ ಬರಸೋ ಮಾತು. ಹೌದಲ್ಲೋ?" ಎಂದಳು.

"ಹೌದು. ಹುಂಜ ಅಂತ ಬರಿ" ಎಂದ ಕಳ್ಳ. "ಕೆಂಪು ಹುಂಜ. ನಾಳೆ ಯಾರರ ಓದಾಕ ಬಂದ್ರ ತಪ್ಪು ತಿಳಕೋಬಾರದು."